ಗಡ್ಡೆಗೆ ಪುರುಡು

ನಾನು ಹುಟ್ಟಿ ಬೆಳೆದದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಅಲ್ಲಿ ನಡುಗಡ್ಡೆ ಎಂಬುದು ಭೂಗೋಳದ ಪುಸ್ತಕದ ಪದ. "ಎಲ್ಲ ಕಡೆಯೂ ನೀರಿನಿಂದ ಸುತ್ತುವರಿದ ಭೂಮಿ" ಎಂದು ಬಾಯಿಪಾಠ ಮಾಡಿ ಒಂದು ಅಂಕ ಗಳಿಸಿದ್ದೆ. ನಮ್ಮ ಹೊಲದ ಎಲ್ಲ ಕಡೆಯೂ ಇದ್ದದ್ದು ಮೆಕ್ಕೆಜೋಳ. ಪತ್ರಿಕೆಯ ತಾಲ್ಲೂಕು ವರದಿಗಾರನಾಗಿ ಹೊನ್ನಾಳಿಗೆ ಬಂದ ಮೊದಲ ಬೇಸಿಗೆಯಲ್ಲಿ, ಸಾಸ್ವೆಹಳ್ಳಿ ಕಡೆಯ ದಂಡೆಯಲ್ಲಿ ಬೈಕ್ ನಿಲ್ಲಿಸಿ ತುಂಗಭದ್ರೆಯ ನಟ್ಟನಡುವೆ ಎದ್ದಿದ್ದ ಒಂದು ತುಂಡು ನೆಲವನ್ನು ನೋಡಿದೆ. ಪುಸ್ತಕ ಸುಳ್ಳು ಹೇಳಿರಲಿಲ್ಲ. ಇಪ್ಪತ್ತೆಂಟರ ವಯಸ್ಸಿನಲ್ಲಿ ನನಗೆ ಕೇಕೆ ಹಾಕುವಷ್ಟು ಖುಷಿಯಾಯಿತು.

ಮಳೆಗಾಲದಲ್ಲಿ ಆ ಗಡ್ಡೆ ಇರುವುದಿಲ್ಲ. ಹೊಳೆ ಇಳಿಯುತ್ತ ಬಂದ ಹಾಗೆ ಮೊದಲು ಕಪ್ಪು ಬಂಡೆಯ ಬೆನ್ನು ಕಾಣುತ್ತದೆ. ಆಮೇಲೆ ಬಂಡೆಯ ಕೆಳಹರಿವಿನ ಬದಿಗೆ ಬಾಲದಂತೆ ಮರಳು ಮೂಡುತ್ತದೆ. ನೀರಿನ ರಭಸವನ್ನು ಬಂಡೆ ತಡೆಯುತ್ತದೆ, ಅದರ ಮರೆಯಲ್ಲಿ ಮರಳು ನಿಲ್ಲುತ್ತದೆ. ಗಡ್ಡೆ ಹುಟ್ಟುವ ವಿಧಾನ ಇಷ್ಟೇ. ಮಾರ್ಚ್ ಹೊತ್ತಿಗೆ ಬಂಡೆಯ ಸಂದುಗಳಲ್ಲಿ ಜಂಬುಹುಲ್ಲು ಹಸಿರಾಗುತ್ತದೆ, ಬಾಲದ ತುದಿಯ ಒದ್ದೆ ಮರಳಿನಲ್ಲಿ ನೀರುನಾಯಿಗಳ ಹೆಜ್ಜೆ ಬೀಳುತ್ತದೆ. ಮೀನಿನ ಹುರುಪೆ ತುಂಬಿದ ಅವುಗಳ ಲದ್ದಿ ಯಾವಾಗಲೂ ಒಂದೇ ಬಂಡೆಯ ಮೇಲಿರುತ್ತದೆ. ನೀರುನಾಯಿಗಳು ಈ ವಿಷಯದಲ್ಲಿ ನಮ್ಮ ಬಸ್ ನಿಲ್ದಾಣಕ್ಕಿಂತ ಶಿಸ್ತಿನವು.

ಗಡ್ಡೆಗೆ ಚರಿತ್ರೆಯೂ ಇದೆ, ಬರೆದಿಟ್ಟವರಿಲ್ಲ. ಬಂಡೆಯ ನೆತ್ತಿಯಲ್ಲಿ ಮೊಣಕಾಲೆತ್ತರದ ಎರಡು ಕಲ್ಲುಗೂಟಗಳಿವೆ. ಅವುಗಳ ಸುತ್ತ ಹಗ್ಗ ಉಜ್ಜಿ ಆದ ಗೀರು ಬೆರಳು ಕೂರುವಷ್ಟು ಆಳ. ಸೇತುವೆಗಳು ಬರುವ ಮೊದಲು ದಂಡೆಯಿಂದ ದಂಡೆಗೆ ಎಳೆದ ಹಗ್ಗ ಹಿಡಿದು ಹರಿಗೋಲು ದಾಟಿಸುತ್ತಿದ್ದರು, ಆ ಹಗ್ಗಕ್ಕೆ ನಡುವಿನ ಆಸರೆ ಇದೇ ಗೂಟ ಎಂದು ದಂಡೆಯ ಹಿರಿಯರು ಹೇಳುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಹಳೆಯ ಸರ್ವೆ ನಕ್ಷೆ ಬಿಚ್ಚಿಸಿ ನೋಡಿದೆ. ಚುಕ್ಕಿ ಗೆರೆಯಲ್ಲಿ ಅವರೆಕಾಳಿನಷ್ಟು ಒಂದು ಗುರುತು, ನಂಬರ್ ಇಲ್ಲ. ಸರ್ವೆಯವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ.

"ಇದಕ್ಕೆ ಪಹಣಿ ಇಲ್ರೀ. ತಗೊಂಡೇನ್ ಮಾಡ್ತೀರಿ? ವರ್ಷಕ್ಕೆ ಆರ್ ತಿಂಗಳು ಊರಿಗೆ ಹೋಗ್ತೈತೆ ಅದು."

ಒಮ್ಮೆ ಮಲ್ಪೆಗೆ ಹೋದಾಗ ದೋಣಿಯಲ್ಲಿ ಕುಳಿತು, ಪ್ರವಾಸಿಗರು ಇಳಿಯುವ ದ್ವೀಪದ ಆಚೆಗಿನ ಬೋಳು ಬಂಡೆಗಳನ್ನು ತೋರಿಸಿ, ಅಲ್ಲಿ ಯಾರಿದ್ದಾರೆ ಎಂದು ಕೇಳಿದ್ದೆ. "ಹಕ್ಕಿ ಉಂಟು ಮಾರಾಯ್ರೆ, ಮತ್ತೆ ಗಾಳಿ" ಎಂದ ದೋಣಿಯವನು. ಕಡಲ ದ್ವೀಪದ ಅಂಚು ದಿನಕ್ಕೆರಡು ಸಲ ಲೆಕ್ಕ ಹಾಕಿದಂತೆ ಸರಿಯುತ್ತದೆ. ನಮ್ಮ ಗಡ್ಡೆಯ ಅಂಚು ಸರಿಯುವುದು ಮೇಲೆ ಯಾರೋ ಅಣೆಕಟ್ಟಿನ ಗೇಟು ಎತ್ತಿದಾಗ. ಉಳಿದಂತೆ ಎರಡೂ ಒಂದೇ. ಮನುಷ್ಯ ಇಲ್ಲದ ಕಡೆ ಹಕ್ಕಿ ನೆಲದ ಮೇಲೇ ಮೊಟ್ಟೆಯಿಡುವ ಧೈರ್ಯ ಮಾಡುತ್ತದೆ.

ಆ ಮೊಟ್ಟೆಗಳನ್ನು ನನಗೆ ತೋರಿಸಿದವರು ದಂಡೆಯ ಮೇಲಿನ ಒಂದು ಮೀನುಗಾರ ದಂಪತಿ. ಗಂಡ ಹರಿಗೋಲು ಹುಟ್ಟು ಹಾಕುವವನು, ಮಾತು ಜಾಸ್ತಿ. ಹೆಂಡತಿ ಬಲೆ ಹೆಣೆಯುವವಳು, ಮಾತು ಕಡಿಮೆ. ಆದರೆ ಆ ಮನೆಯಲ್ಲಿ ನಡೆಯುತ್ತಿದ್ದದ್ದು ಅವಳ ಮಾತೇ. ಹೊನ್ನಾಳಿಯಲ್ಲಿ ತಂದೆಯ ಕಾಲದ ಫೋಟೊ ಸ್ಟುಡಿಯೊ ನಡೆಸುವ ನನ್ನ ಗೆಳೆಯನೂ ಜೊತೆಗಿದ್ದ. ಅವನನ್ನು ಎಲ್ಲರೂ ಸಾಬ್ರೇ ಎಂದೇ ಕರೆಯುತ್ತಿದ್ದರು. ನನ್ನ ವರದಿಗಳಿಗೆ ಚಿತ್ರ ಅವನದೇ.

ನಾವು ಹರಿಗೋಲು ಹತ್ತುವಾಗ ಅದರ ಅಂಚಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದು ಕಾಣಿಸಿತು. ಏನಿದು ಎಂದೆ.

"ಗಡ್ಡೆಗೆ ಪುರುಡು ಬಂದೈತೆ. ನೋಡಾಕೆ ಬರ್ರಿ, ಇಳಿಯಾಕೆ ಇಲ್ಲ" ಎಂದಳು ಅವಳು.

ಹೆರಿಗೆಯಾದ ಮನೆಗೆ ಪುರುಡು ಎಂದರೆ ಹೊರಗಿನವರು ಕಾಲಿಡಬಾರದು. ಈ ಮನೆತನದವರು ಅದನ್ನೇ ಗಡ್ಡೆಗೂ ಅನ್ವಯಿಸಿದ್ದರು. ಹಕ್ಕಿ ಮೊದಲ ಮೊಟ್ಟೆಯಿಟ್ಟ ದಿನದಿಂದ ಮರಿ ತಾನಾಗಿ ನೀರಿಗೆ ಇಳಿಯುವವರೆಗೆ ಯಾರೂ ಗಡ್ಡೆಯ ಮೇಲೆ ಹೆಜ್ಜೆಯಿಡುವಂತಿಲ್ಲ, ಅದರ ಸುತ್ತ ಬಲೆ ಬಿಡುವಂತಿಲ್ಲ. ಅವಳಿಗೆ ಇದನ್ನು ವಹಿಸಿದ್ದು ಅತ್ತೆ. ಅತ್ತೆಗೆ ಅವರ ಅತ್ತೆ.

ನಾವು ಗಡ್ಡೆಯ ಸುತ್ತ ಮಾರು ದೂರದಲ್ಲಿ ತೇಲಿದೆವು. ಹತ್ತು ನಿಮಿಷ ನನಗೇನೂ ಕಾಣಲಿಲ್ಲ. ಆಮೇಲೆ ಗೆಳೆಯ ಕ್ಯಾಮೆರಾದಿಂದ ಕಣ್ಣು ತೆಗೆಯದೆ ನನ್ನ ತೊಡೆ ಚಿವುಟಿದ. "ಅರೆ, ಕಲ್ಲು ಅಂದ್ಕಂಡಿದ್ದೆಲ್ಲ ಮೊಟ್ಟೆ ಕಣೋ!"

ಹೌದು. ಮರಳಿನಲ್ಲಿ ಅಂಗೈಯಗಲದ ಗುಳಿ, ಗುಳಿಯಲ್ಲಿ ಎರಡೋ ಮೂರೋ ಮೊಟ್ಟೆ, ಬೂದಿಬಣ್ಣದ ಮೇಲೆ ಕಂದು ಮಚ್ಚೆ. ಒಂದು ಕಂಡ ಮೇಲೆ ಎಲ್ಲ ಕಡೆಯೂ ಅವೇ. ಮೇಲೆ ಹೊಳೆ ರೀವ ಹಕ್ಕಿಗಳು ಕಿರುಚುತ್ತಿದ್ದವು. ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿಯಂತೆ ಸೀಳಿದ ಬಾಲ. ಒಂದು ಹಕ್ಕಿ ನೀರಿಗೆ ಎದೆ ತಾಗಿಸಿ ಹಾರಿ, ತೊಟ್ಟಿಕ್ಕುವ ಹೊಟ್ಟೆಯಲ್ಲೇ ಹೋಗಿ ಮೊಟ್ಟೆಯ ಮೇಲೆ ಕೂತಿತು. ಏಪ್ರಿಲ್ ಬಿಸಿಲಿನಲ್ಲಿ ಮೊಟ್ಟೆಗೆ ಕಾವು ಬೇಕಿಲ್ಲ, ತಂಪು ಬೇಕು. ನಾನು ಪೆನ್ನು ತೆಗೆದಿದ್ದೆ, ಬರೆಯಲು ಮರೆತೆ.

ಅಲ್ಲಿಂದ ಪ್ರತಿ ಬೇಸಿಗೆ ಹೋಗುತ್ತಿದ್ದೆ. ಆದರೆ ಸುದ್ದಿ ಮಾಡಲಿಲ್ಲ. ಒಂದು ಭಾನುವಾರದ ಪುರವಣಿ ಸಾಕು, ಮುಂದಿನ ಭಾನುವಾರ ಗಡ್ಡೆಯ ಮೇಲೆ ಬಿರಿಯಾನಿ ಬೇಯುತ್ತದೆ.

ಎರಡು ವರ್ಷದ ಹಿಂದಿನ ಬೇಸಿಗೆ ಎಡವಟ್ಟಾಯಿತು. ಏಪ್ರಿಲಿನಲ್ಲಿ ನೀರು ತೀರಾ ಇಳಿದು ಗಡ್ಡೆಗೂ ದಂಡೆಗೂ ನಡುವೆ ಮರಳಿನ ದಾರಿ ಬಿಟ್ಟಿತು. ಬೀದಿನಾಯಿಗಳು ದಾಟಿದವು. ಒಂದೇ ಬೆಳಗಿನಲ್ಲಿ ಎಲ್ಲ ಮೊಟ್ಟೆ ಹೋಯಿತು. ಹಿಂದಿನ ವರ್ಷವೂ ಹೀಗೇ ಆಗಿತ್ತು. ಈ ಸಲ ಹಕ್ಕಿಗಳು ಒಂದು ವಾರ ಸುತ್ತಾಡಿ, ಮೇ ಹೊತ್ತಿಗೆ ನಾಲೆಯ ನೀರು ಹೊಳೆಗೆ ಬಿದ್ದು ದಾರಿ ಮುಚ್ಚಿದ ಮೇಲೆ, ಮತ್ತೆ ಇಟ್ಟವು. ಹನ್ನೊಂದು ಗೂಡು. ತಡವಾದ ಮೊಟ್ಟೆಗಳು.

"ಎರಡು ವರ್ಸ ಬರಿಗೈಲಿ ಹೋದ ಹಕ್ಕಿ ಮೂರನೇ ವರ್ಸ ಬರಂಗಿಲ್ಲ" ಎಂದು ಅವಳು ಹೇಳಿದಳು. "ನಮ್ಮತ್ತೆ ಹೇಳಿದ್ರು. ಕೆಳಗಡೆ ಒಂದ್ ಗಡ್ಡೆ ಹಿಂಗೇ ಬಂಜೆ ಆಯ್ತಂತೆ. ಇವು ಒಡೆದು ಮರಿ ಆಗ್ಬೇಕು. ಇಲ್ದಿದ್ರೆ ಈ ಗಡ್ಡೆ ಬರೀ ಕಲ್ಲು." ನನ್ನ ಕಡೆ ತಿರುಗಿ ಕೇಳಿದಳು, "ನೀರು ಯಾವಾಗ ಬರ್ತೈತೆ ಸಾರ್? ನೀವು ಪೇಪರ್‌ನೋರು. ಹೇಳ್ರಿ."

ನಾನು ಹೇಳಿದೆ. ಯೋಚಿಸದೆ ಹೇಳಿದೆ, ಯಾಕೆಂದರೆ ಆ ಉತ್ತರ ನಾನು ದಿನವೂ ಬರೆಯುವ ಉತ್ತರ. ಚನ್ನಗಿರಿ, ಹೊನ್ನಾಳಿ ಕಡೆ ನೀರು ಅಂದರೆ ಭದ್ರಾ. ಭತ್ತದವನೂ ಅಡಿಕೆಯವನೂ ಬೆಳಿಗ್ಗೆ ಪತ್ರಿಕೆಯಲ್ಲಿ ಮೊದಲು ನೋಡುವುದು ಭದ್ರಾ ಜಲಾಶಯದ ಮಟ್ಟ. ಚಹಾದಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಜಗಳವಾಗುತ್ತದೆ. ಭದ್ರಾ ಆಗ ತಳಕ್ಕೆ ಹತ್ತಿರವಿತ್ತು. "ಡ್ಯಾಮ್ ತುಂಬೋಕೆ ಇನ್ನೂ ಎರಡು ತಿಂಗಳು ಬೇಕಮ್ಮ. ಅಷ್ಟರಲ್ಲಿ ನಿಮ್ಮ ಮರಿಗಳು ಊರು ಸುತ್ತುತ್ತಿರುತ್ತವೆ" ಎಂದೆ.

ನಮ್ಮ ಹೊಳೆಗೆ ಇಬ್ಬರು ತಾಯಂದಿರು. ಕೂಡ್ಲಿಯಲ್ಲಿ ಭದ್ರೆ ಬಂದು ಸೇರುವುದು ತುಂಗೆಯನ್ನು. ತುಂಗೆಗೆ ಗಾಜನೂರಿನಲ್ಲಿರುವ ಅಣೆಕಟ್ಟು ಚಿಕ್ಕದು, ಶೃಂಗೇರಿ ಕಡೆ ಎರಡು ದಿನ ಬಿರುಸಾಗಿ ಮಳೆ ಹೊಡೆದರೆ ಸಾಕು, ತುಂಬಿ ಗೇಟು ಎತ್ತುತ್ತಾರೆ. ಅದರ ಮಟ್ಟವನ್ನೂ ನಾವು ಅಚ್ಚು ಹಾಕುತ್ತೇವೆ. ಓದುವವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ನನ್ನದೂ ನಿಂತಿರಲಿಲ್ಲ. ಇದು ಭದ್ರೆಯ ನೀರು ಕುಡಿದವರು ಮಾತ್ರ ಮಾಡುವ ತಪ್ಪು.

ಮೇ ಕೊನೆಯಲ್ಲಿ ಅರಬ್ಬೀ ಸಮುದ್ರದ ಮೇಲೆ ವಾಯುಭಾರ ಕುಸಿತವಾಯಿತು. ಹೊನ್ನಾಳಿಯಲ್ಲಿ ಬರೀ ಮೋಡ. ನಾನು ಗೆಳೆಯನೊಂದಿಗೆ ಚನ್ನಗಿರಿಗೆ ಒಂದು ಸಭೆಯ ವರದಿಗೆ ಹೋಗಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಶಿವಮೊಗ್ಗದ ಸಹೋದ್ಯೋಗಿ ಫೋನ್ ಮಾಡಿದ. "ಬೆಳಗಿನ ಜಾವನೇ ಗಾಜನೂರು ಗೇಟ್ ತೆಗೆದಾರೆ. ಹೊಳೆದಂಡೆ ಹಳ್ಳಿಗಳಿಗೆ ಎಚ್ಚರಿಕೆ ಅಂತ ನಿನ್ನ ಕಡೆಯಿಂದ ನಾಲ್ಕು ಸಾಲು ಕಳಿಸು."

ನಾಲ್ಕು ಸಾಲು ಅಲ್ಲಿಯೇ ನಿಂತು ಕಳಿಸಿದೆ. ಆಮೇಲೆ ಬೈಕ್ ಹತ್ತಿದೆವು. ಹಿಂದೆ ಕುಳಿತಿದ್ದ ಗೆಳೆಯ ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಗುದ್ದುತ್ತಿದ್ದ. "ಎರಡು ತಿಂಗಳಂತೆ, ಎರಡು ತಿಂಗಳು! ಭಾರೀ ಪೇಪರ್‌ನೋನು. ಗಿಳಿಶಾಸ್ತ್ರದೋನ್ನ ಕೇಳಿದ್ರೂ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ದ." ನಾನು ಆಕ್ಸಲರೇಟರ್ ಇನ್ನೂ ಸ್ವಲ್ಪ ತಿರುವಿದೆ.

ನಾವು ದಂಡೆ ಮುಟ್ಟಿದಾಗ ಹೊಳೆಯ ಬಣ್ಣ ಬದಲಾಗಿತ್ತು. ಹಸಿರು ತಿಳಿನೀರಿನಲ್ಲಿ ಕೆಂಪು ಎಳೆಗಳು, ನೊರೆ, ಒಣ ಎಲೆ. ಗಂಡಹೆಂಡಿರು ನೀರಂಚಿನಲ್ಲಿ ನಿಂತು ಜಗಳವಾಡುತ್ತಿದ್ದರು. ಗಂಡ ಒಂದು ಕೋಲು ನೆಟ್ಟು ಗುರುತು ಮಾಡಿದ್ದ. ನಾವು ನೋಡನೋಡುತ್ತಿದ್ದಂತೆ ಗುರುತು ಮುಳುಗಿತು.

"ನೋಡ್ರಿ ಸಾರ್" ಎಂದ ಅವನು. "ಮರಳಿನ ಬಾಲ ಸಂಜಿ ಒಳಗೆ ಹೋಗ್ತೈತೆ. ಗೂಡೆಲ್ಲ ಬಾಲದ ಮೇಲೈತೆ. ಬಂಡೆ ನೆತ್ತಿ ಮುಳುಗಂಗಿಲ್ಲ, ಇದು ಮೊದಲ ನೀರು. ನಾಲ್ಕು ಆಳು ಇಳಿದು ಗೂಡು ಎತ್ತಿ ನೆತ್ತಿಗೆ ಇಟ್ರೆ ಆತು. ಇವ್ಳು ಇಳಿಯಾಕೆ ಬಿಡವಲ್ಲಳು."

"ಪುರುಡಿನಾಗೆ ಕಾಲಿಡ್ತೀರಾ?" ಹೆಂಡತಿ ಕೇಳಿದಳು.

"ಮತ್ತೆ ಮುಳುಗಲಿ ಅಂತೀಯಾ?"

"ಹಂಗಂದಿಲ್ಲ."

"ಮತ್ತೆ ಹೆಂಗಂದಿ? ಬೇವಿನ ಸೊಪ್ಪು ಹಿಡ್ಕಂಡು ಕುಂದ್ರು. ನೀರೇನು ನಿನ್ನ ಸೊಪ್ಪು ನೋಡಿ ವಾಪಸ್ ಹೋಗ್ತೈತೆ!"

ನಾನೂ ಗೆಳೆಯನೂ ಚಪ್ಪಲಿ ಬಿಚ್ಚಿದ್ದೆವು. ಅವಳು ನಮ್ಮ ಕಾಲು ನೋಡಿದಳು, ಗಡ್ಡೆ ನೋಡಿದಳು. ಕೋಲಿನ ಮೇಲೆ ಇನ್ನೊಂದು ಬೆರಳು ನೀರು ಏರಿತು. ಆಗ ಅವಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಬಿಗಿದಳು.

"ಬಾಣಂತಿ ಕೋಣೆಗೆ ಗಂಡಸ್ರು ಹೋಗಂಗಿಲ್ಲ" ಎಂದಳು. "ಸೂಲಗಿತ್ತಿ ಹೋಗಬೋದಲ್ಲ? ನಡೀರಿ."

ಇಷ್ಟು ವರ್ಷದ ಕಟ್ಟಳೆಯಲ್ಲಿ ಈ ಬಾಗಿಲು ಇದ್ದದ್ದು ಗಂಡನಿಗೂ ಗೊತ್ತಿರಲಿಲ್ಲ. ಅವಳು ಮನೆಗೆ ಓಡಿ ಗಾರೆ ಕೆಲಸದ ಎರಡು ಕಬ್ಬಿಣದ ಪುಟ್ಟಿ ತಂದಳು. ನಾವು ನಾಲ್ವರೂ ಹರಿಗೋಲು ಹತ್ತಿದೆವು.

ಕೆಂಪು ನೀರಿನಲ್ಲಿ ಹರಿಗೋಲು ಬುಗುರಿಯಂತೆ ತಿರುಗಿತು. ಗಂಡ ಮೇಲ್ಹರಿವಿಗೆ ಅಷ್ಟು ದೂರ ಹುಟ್ಟು ಹಾಕಿಕೊಂಡು ಹೋಗಿ, ಅಲ್ಲಿಂದ ಹರಿವಿಗೆ ಬಿಟ್ಟು, ಸರಿಯಾಗಿ ಬಂಡೆಯ ಮರೆಗೆ ತಂದು ನಿಲ್ಲಿಸಿದ. ನಾನೂ ಗೆಳೆಯನೂ ಬಂಡೆಯ ಸಂದಿನ ಜಂಬು ಹಿಡಿದು ಹರಿಗೋಲು ಅಲುಗದಂತೆ ನೋಡಿಕೊಂಡೆವು. ಅವಳು ಇಳಿದಳು.

ರೀವಗಳು ಅವಳ ಮೇಲೆ ಎರಗಿದವು. ಅವಕ್ಕೇನು ಗೊತ್ತು ಸೂಲಗಿತ್ತಿ? ಒಂದು ನೆತ್ತಿಗೆ ಕುಕ್ಕಿತು, ಇನ್ನೊಂದು ಭುಜಕ್ಕೆ ಹಿಕ್ಕೆ ಹಾಕಿತು. ಅವಳು ಒಂದು ಪುಟ್ಟಿಯನ್ನು ತಲೆಗೆ ಮುಚ್ಚಿಕೊಂಡಳು. ಟಣ್, ಟಣ್ ಎಂದು ಕೊಕ್ಕುಗಳು ಕಬ್ಬಿಣಕ್ಕೆ ಬಡಿದವು. ಗೆಳೆಯ ಆ ಗಡಿಬಿಡಿಯಲ್ಲೂ ನಕ್ಕ. "ಅಕ್ಕ, ಹೆಲ್ಮೆಟ್ ಹಾಕ್ಕಂಡೀರಿ, ಫೈನ್ ಬೀಳಲ್ಲ!"

"ನಗಬ್ಯಾಡ್ರಿ ಸಾಬ್ರೇ, ಗೂಡು ಎಲ್ಲೈತೆ ನೋಡಿ ಹೇಳ್ರಿ" ಎಂದು ಪುಟ್ಟಿಯ ಒಳಗಿನಿಂದ ದನಿ ಬಂತು.

ಅವನು ಕ್ಯಾಮೆರಾದಲ್ಲಿ ನೋಡಿ ಗೂಡಿನ ದಿಕ್ಕು ಹೇಳುತ್ತಿದ್ದ. ಬಲಕ್ಕೆ, ಎರಡು ಹೆಜ್ಜೆ, ನಿಲ್ಲಿ, ಕಾಲ ಮುಂದೆಯೇ ಇದೆ. ಅವಳು ಮೊಟ್ಟೆಗಳನ್ನು ಮುಟ್ಟಲಿಲ್ಲ. ಗುಳಿಯ ಸುತ್ತ ಅಂಗೈ ಇಳಿಸಿ, ಅಡಿಯ ಮರಳಿನ ಸಮೇತ ಎತ್ತಿ ಇನ್ನೊಂದು ಪುಟ್ಟಿಗೆ ಇಟ್ಟು, ಮೇಲೆ ಒಯ್ದು, ಅದೇ ಅಂಗೈಯಲ್ಲಿ ಹೊಸ ಗುಳಿ ಮಾಡಿ ಕೂರಿಸುತ್ತಿದ್ದಳು. ಮೊದಲ ಗೂಡನ್ನು ನೆಟ್ಟಗೆ ನೆತ್ತಿಗೆ ಒಯ್ಯುತ್ತಾಳೆ ಎಂದುಕೊಂಡಿದ್ದೆ. ಒಯ್ಯಲಿಲ್ಲ. ಎರಡು ಮಾರು ಮಾತ್ರ ಸರಿಸಿ, ಎಲ್ಲ ಗೂಡನ್ನೂ ಹಾಗೆ ಒಂದು ಸುತ್ತು ಸರಿಸಿ, ಹರಿಗೋಲಿಗೆ ಬಂದು ಕೂತಳು.

"ಯಾಕೆ ನಿಲ್ಲಿಸಿದ್ರಿ? ನೀರು ಬರ್ತಾ ಇದೆ" ಎಂದೆ.

"ತಾಯಿ ಹುಡುಕ್ಲಿ ಸಾರ್. ಒಂದೇ ಸಲಕ್ಕೆ ದೂರ ಒಯ್ದ್ರೆ ಅದು ಹಳೇ ಜಾಗದಾಗೇ ಕುಂತು ಅಳ್ತೈತೆ. ಹಸುಗೂಸಿನ ತೊಟ್ಟಿಲು ಕೋಣೆಯಿಂದ ಕೋಣೆಗೆ ಸರಿಸಲ್ವಾ, ಹಂಗೆ."

ಹಕ್ಕಿಗಳು ಹಳೆಯ ಗುಳಿಗಳ ಮೇಲೆ ಸುಳಿದವು, ಮತ್ತೆ ಎದ್ದವು. ಒಂದು ಇಳಿಯಿತು, ನಾಲ್ಕು ಹೆಜ್ಜೆ ನಡೆಯಿತು, ಕುತ್ತಿಗೆ ಚಾಚಿ ನೋಡಿತು, ಹೋಗಿ ಮೊಟ್ಟೆಯ ಮೇಲೆ ಕೂತು ಮೈ ಅಲ್ಲಾಡಿಸಿತು. ಗೆಳೆಯ ನನ್ನ ಮೊಣಕೈ ಹಿಸುಕಿದ. ಎರಡನೆಯದು ಕೂತಿತು. ಮೂರು. ಏಳರವರೆಗೆ ಎಣಿಸುವಷ್ಟರಲ್ಲಿ ಅವಳು ಮತ್ತೆ ಪುಟ್ಟಿ ಹೊತ್ತು ಇಳಿದಳು.

ಹೀಗೆ ನಾಲ್ಕು ಸುತ್ತು. ಪ್ರತಿ ಸುತ್ತಿಗೂ ಗೂಡುಗಳು ಎರಡು ಮಾರು ಮೇಲೆ, ನೀರು ಒಂದು ಮಾರು ಹಿಂದೆ. ಇಂಥ ಓಟವನ್ನು ನಾನು ಕ್ರೀಡಾಕೂಟದಲ್ಲಿ ನೋಡಿಲ್ಲ. ನಾಲ್ಕೂವರೆಗೆ ಬಾಲದ ತುದಿ ಕರಗಿತು. ಐದಕ್ಕೆ ನೀರುನಾಯಿಗಳ ಬಂಡೆ ಮುಳುಗಿತು. ಕೊನೆಯ ಸುತ್ತಿನಲ್ಲಿ ಎರಡು ಗೂಡು ಉಳಿದಿದ್ದಾಗ ಬಾಲಕ್ಕೂ ಬಂಡೆಗೂ ನಡುವಿನ ತಗ್ಗಿನಲ್ಲಿ ನೀರು ನುಗ್ಗಿತು. ಅವಳು ಆಚೆ ಬದಿಯಲ್ಲಿದ್ದಳು.

"ಬಂದ್ಬಿಡೇ!" ಗಂಡ ಕೂಗಿದ. ಅಲ್ಲಿಯವರೆಗಿನ ಹಾಸ್ಯ ಅವನ ದನಿಯಲ್ಲಿ ಇರಲಿಲ್ಲ. "ಒಂಬತ್ತು ಆದ್ವು, ಸಾಕು, ಬಾ!"

ಅವಳು ತಿರುಗಲಿಲ್ಲ. ಬಗ್ಗಿ ಒಂದನ್ನು ಎತ್ತಿದಳು. ಅದನ್ನು ಪುಟ್ಟಿಯ ಒಂದು ಬದಿಗೆ ಇಟ್ಟು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಕಾಲಡಿಯ ಮರಳು ಜಾರಿ ಆ ಗುಳಿ ನಮ್ಮ ಕಣ್ಣೆದುರೇ ನೀರಾಯಿತು. ಮೂರು ಮೊಟ್ಟೆ ಒಂದು ಕ್ಷಣ ಕಂಡು ಹೋದವು. ಅವಳು ನಿಂತು ನೋಡಿದಳು. ಆಮೇಲೆ ಪುಟ್ಟಿಯನ್ನು ತಲೆಯ ಮೇಲೆತ್ತಿ ಹಿಡಿದು ತಗ್ಗಿಗೆ ಇಳಿದಳು. ಮೊಣಕಾಲು, ಸೊಂಟ, ಎದೆ. ಗಂಡ ಹುಟ್ಟಿನ ಕೋಲು ಚಾಚಿದ, ನಾವಿಬ್ಬರೂ ಅವನ ಸೊಂಟ ಹಿಡಿದೆವು. ಒಂದು ಕೈಯಲ್ಲಿ ಕೋಲು ಸಿಕ್ಕಿತು ಅವಳಿಗೆ. ಇನ್ನೊಂದು ಕೈಯ ಪುಟ್ಟಿ ಅಲುಗಲಿಲ್ಲ. ಬಂಡೆಗೆ ಬಂದವಳು ಮೊದಲು ಗೂಡು ಕೂರಿಸಿದಳು, ಆಮೇಲೆ ಸೀರೆ ಹಿಂಡಿದಳು.

"ಹತ್ತು" ಎಂದಳು.

ಮರುದಿನ ಬೆಳಿಗ್ಗೆ ಆರಕ್ಕೇ ನಾವು ದಂಡೆಯಲ್ಲಿದ್ದೆವು. ಬಾಲ ಇರಲಿಲ್ಲ. ಹೊಳೆಯ ನಡುವೆ ಎತ್ತಿನ ಗಾಡಿಯ ಹಾಸಿನಷ್ಟು ಬಂಡೆ, ಅದರ ಮೇಲೆ ಒತ್ತೊತ್ತಾಗಿ, ಜಗಳವಾಡುತ್ತ, ಬಿಳಿ ಎದೆಗಳು. ಗೆಳೆಯ ಕ್ಯಾಮೆರಾದಲ್ಲಿ ಎಣಿಸಿದ. ಒಂಬತ್ತು ಗೂಡಿನ ಮೇಲೆ ಹಕ್ಕಿ ಕೂತಿತ್ತು. ಹತ್ತನೆಯದನ್ನು, ಅವಳು ಕೊನೆಗೆ ತಂದದ್ದನ್ನು, ಯಾರೂ ಒಪ್ಪಿಕೊಂಡಿರಲಿಲ್ಲ. ಅವಳಿಗೆ ಹೇಳಿದೆವು. ತಲೆಯಾಡಿಸಿದಳು. ನನ್ನ ಎರಡು ತಿಂಗಳ ಭರವಸೆಯ ಬಗ್ಗೆ ಕ್ಷಮೆ ಕೇಳಿದೆ. "ನೀವು ಭದ್ರಾ ಹೇಳಿದ್ರಿ, ನಾನೂ ಭದ್ರಾನೇ ಕೇಳಿದ್ದು" ಎಂದು ಅಲ್ಲಿಗೇ ಬಿಟ್ಟಳು.

ಮೂರನೇ ದಿನ ನೀರು ಇಳಿಯಿತು. ಅದರ ಮುಂದಿನ ವಾರ ಒಂದು ಬೆಳಿಗ್ಗೆ ಗಂಡನ ಫೋನ್ ಬಂತು, ಮಾತಿಗಿಂತ ಕಿರುಚಾಟ ಜಾಸ್ತಿ. ನಾವು ಹೋಗಿ, ನಾಲ್ವರೂ ಹರಿಗೋಲಿನಲ್ಲಿ ಗಡ್ಡೆಯ ಹತ್ತಿರ ತೇಲುವಷ್ಟರಲ್ಲಿ ಮೂರು ಮೊಟ್ಟೆ ಒಡೆದು ಮರಿ ಬಂದಿದ್ದವು. ಬೂದಿಬಣ್ಣದ, ಕಡಲೆಕಾಯಿ ಸಿಪ್ಪೆಯಂಥ ಮೈ, ಹುಟ್ಟಿದ ದಿನವೇ ನಡೆಯುವ ಕಾಲು. ಒಂದಕ್ಕೆ ಅಪ್ಪನೋ ಅಮ್ಮನೋ ಬೆರಳುದ್ದದ ಮೀನು ತಂದಿತು. ಮರಿ ನುಂಗಲಾರದೆ ಬಾಲ ಹೊರಗಿಟ್ಟುಕೊಂಡು ಕಕ್ಕಾಬಿಕ್ಕಿ ನಿಂತಿತು. ಗೆಳೆಯ ಚಪ್ಪಾಳೆ ತಟ್ಟಲು ಹೋಗಿ ತಡೆದುಕೊಂಡ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ರೀ, ದಂಡೆ ಬದಿಗೆ ಸಣ್ಣ ಕಣ್ಣಿನ ಬಲೆ ಬಿಡಬ್ಯಾಡ್ರಿ ಇನ್ಮೇಲೆ. ಮರಿಮೀನು ಇವಕ್ಕೆ ಬೇಕು."

"ಗಡ್ಡೆ ಸುತ್ತ ಆತು, ಈಗ ದಂಡೆನೂ ಆತಾ? ಮತ್ತೆ ನಾನೇನ್ ತಿನ್ನಲಿ?"

"ಅನ್ನ ಐತೆ, ಸಾರು ಐತೆ" ಎಂದಳು. "ಹುಟ್ಟು ಹಾಕ್ರಿ, ಮೆತ್ತಗೆ."